ಆ್ಯಂಟಿಬಾಡಿಯನ್ನು ಈಗಲೇ ಎಸೆಯಬೇಡಿ

ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನ ಸೋಂಕಿರುವ ಕೋಶಗಳ ಒಂದೇ ತಟ್ಟೆಯಲ್ಲಿ, ವೈರಸ್ಸಿನ ಐಸಿಪಿ8 ಪ್ರೋಟೀನು ಕೆಲವು ಕೋಶಗಳಲ್ಲಿ ಸಣ್ಣ ಚುಕ್ಕೆಗಳಾಗಿ, ಕೆಲವದರಲ್ಲಿ ದೊಡ್ಡ ಮಚ್ಚೆಗಳಾಗಿ ಕಾಣುತ್ತಿದೆ, ಅದನ್ನು ಗುರುತಿಸಿ ತೋರಿಸುವ ಆ್ಯಂಟಿಬಾಡಿ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ನನಗೆ ಹಾಗನಿಸುವುದಿಲ್ಲ. ಎರಡೂ ನ್ಯೂಕ್ಲಿಯಸ್ಸಿನ ಒಳಗೇ ಇದ್ದರೆ, ನೀವು ನೋಡುತ್ತಿರುವುದು ಬಹುಶಃ ಒಂದೇ ಕೆಲಸದ ಎರಡು ಹಂತ.

ಐಸಿಪಿ8 ಅಂದರೆ ಒಂಟಿ ಎಳೆಯ ಡಿಎನ್‌ಎಗೆ ಅಂಟಿಕೊಳ್ಳುವ ಪ್ರೋಟೀನು. ವೈರಸ್ಸಿನ ಡಿಎನ್‌ಎ ನಕಲಾಗುವ ಮೊದಲು ಚುಕ್ಕೆಗಳಲ್ಲಿ ಸೇರುತ್ತದೆ. ನಕಲು ಜೋರಾದಂತೆ ಆ ಜಾಗಗಳು ಹಿಗ್ಗಿ, ಒಂದಕ್ಕೊಂದು ಕೂಡಿಕೊಂಡು, ಕೋಶದ ಕ್ರೊಮ್ಯಾಟಿನ್ನನ್ನು (ಕೋಶದ ಸ್ವಂತ ಡಿಎನ್‌ಎ ಮತ್ತು ಪ್ರೋಟೀನುಗಳ ಗಂಟು) ನ್ಯೂಕ್ಲಿಯಸ್ಸಿನ ಅಂಚಿಗೆ ತಳ್ಳುತ್ತವೆ. ಡಿಎನ್‌ಎ ಬಣ್ಣ ಹಾಕಿದ್ದರೆ ಅದೂ ಕಾಣುತ್ತದೆ. ವೈರಸ್ ಕಡಿಮೆ ಹಾಕಿದ್ದಲ್ಲಿ ಎಲ್ಲ ಕೋಶಗಳಿಗೂ ಒಟ್ಟಿಗೆ ಸೋಂಕು ತಗಲುವುದಿಲ್ಲ, ಹಾಗಾಗಿ ಈ ಬೆರಕೆ ಸಹಜ.

ಖಾತ್ರಿ ಬೇಕಾದರೆ ಒಂದು ತಟ್ಟೆಗೆ ಫಾಸ್ಫೊನೊಅಸಿಟಿಕ್ ಆಮ್ಲ ಹಾಕಿ. ಅದು ಡಿಎನ್‌ಎ ನಕಲು ಮಾಡುವ ವೈರಸ್ಸಿನ ಕಿಣ್ವವನ್ನು, ಅಂದರೆ ಪಾಲಿಮರೇಸನ್ನು ತಡೆಯುತ್ತದೆ. ಮಚ್ಚೆಗಳು ಮಾಯವಾಗಿ ಚುಕ್ಕೆಗಳಷ್ಟೇ ಉಳಿದರೆ ಆ್ಯಂಟಿಬಾಡಿಯದೇನೂ ತಪ್ಪಿಲ್ಲ. ಸೋಂಕಿಲ್ಲದ ತಟ್ಟೆ ಹೇಗೂ ಪಕ್ಕದಲ್ಲಿ ಇರಲೇಬೇಕು, ಇದನ್ನು ಮರೆಯುವವರೇ ಜಾಸ್ತಿ.

ಅಂದಹಾಗೆ, ವೈರಸ್ಸಿನ ಎಲ್ಲ ಪ್ರೋಟೀನೂ ನ್ಯೂಕ್ಲಿಯಸ್ಸಿನಲ್ಲೇ ಸಿಗಬೇಕು ಅಂತ ಕಾಯಬೇಡಿ. ವೈರಸ್ಸಿನ ಡಿಎನ್‌ಎಯನ್ನು ಸುತ್ತುವ ಪ್ರೋಟೀನಿನ ಚಿಪ್ಪು, ಕ್ಯಾಪ್ಸಿಡ್, ಅಲ್ಲೇ ಜೋಡಣೆಯಾಗುತ್ತದೆ, ಸರಿ. ಆದರೆ ವೈರಸ್ಸಿನ ಹೊದಿಕೆಯ ಪ್ರೋಟೀನಾದ ಗ್ಲೈಕೊಪ್ರೋಟೀನ್ ಡಿ, ಪ್ರೋಟೀನುಗಳನ್ನು ವಿಂಗಡಿಸಿ ಕಳಿಸುವ ಗಾಲ್ಗಿಯ ಸುತ್ತಮುತ್ತ, ಕೋಶದ ಹೊರಪೊರೆಯ ಮೇಲೂ ಕಾಣುತ್ತದೆ. ವೈರಸ್ಸಿನ ಇನ್ನೊಂದು ಪ್ರೋಟೀನು ಐಸಿಪಿ0 ಅಂತೂ ಮೊದಲು ನ್ಯೂಕ್ಲಿಯಸ್ಸಿನ ಪಿಎಂಎಲ್ ಕಾಯಗಳಿಗೆ (ಕೋಶದ್ದೇ ಪ್ರೋಟೀನುಗಳ ಸಣ್ಣ ಗುಂಪುಗಳು) ಹೋಗಿ ಅವನ್ನು ಒಡೆದು, ಆಮೇಲೆ ಸೈಟೊಪ್ಲಾಸಮ್ಮಿಗೆ ಬರುತ್ತದೆ. ಅದಕ್ಕೇ ಸೋಂಕಿನ ನಂತರ ಎಷ್ಟು ಗಂಟೆಗೆ ಕೋಶಗಳನ್ನು ಫಿಕ್ಸ್ ಮಾಡಿದಿರಿ (ರಾಸಾಯನಿಕ ಹಾಕಿ ಇದ್ದ ಸ್ಥಿತಿಯಲ್ಲೇ ನಿಲ್ಲಿಸಿದಿರಿ) ಅಂತ ಪ್ರತಿ ಚಿತ್ರದ ಮೇಲೂ ಬರೆದಿಡಿ.