ಸ್ಟುಟ್‌ಗಾರ್ಟ್‌ನಲ್ಲಿ ಜಾಜಾ ಓನರ್ ಮನೆ ಸಿಕ್ಕಿದ ತಮ್ಮನಿಗೆ

ತಮ್ಮಾ, ನಿನ್ನ ಮೆಸೇಜ್ ಓದಿದೆ. ಮಾಸ್ಟರ್ಸ್ ಮಾಡ್ಲಿಕ್ಕೆ ಸ್ಟುಟ್‌ಗಾರ್ಟ್‌ಗೆ ಬರ್ತಿದ್ದಿ, ರೂಮ್ ಸಿಕ್ಕಿದೆ, ಓನರ್ ವಿಡಿಯೋ ಕಾಲ್‌ನಲ್ಲಿ "ನಾವು ಟರ್ಕಿಯಿಂದ ಬಂದವರು, ಆದ್ರೆ ಟರ್ಕರಲ್ಲ, ಡೆರ್ಸಿಮ್ ಕಡೆಯ ಜಾಜಾ" ಅಂತ ಹೇಳಿದ್ರು, ಈ ಜಾಜಾ ಅಂದ್ರೆ ಯಾರು, ಕುರ್ದರಾ, ಮುಸ್ಲಿಮರಾ, ವೆಜಿಟೇರಿಯನ್ ಆದವನು ಅಲ್ಲಿ ಇರ್ಬಹುದಾ, ನಾಲ್ಕು ಟರ್ಕಿಶ್ ಮಾತು ಕಲಿತು ಬಂದ್ರೆ ಅವರಿಗೆ ಖುಷಿ ಆಗ್ತದಾ ಅಂತೆಲ್ಲ ಕೇಳಿದ್ದಿ. ನಾನು ಪುತ್ತೂರಿನವಳು, ಮದುವೆ ಆದ್ಮೇಲೆ ಇಲ್ಲಿಗೆ ಬಂದು ಸೆಟ್ಲ್ ಆದವಳು, ನಮ್ಮ ಮೇಲಿನ ಮನೆಯವರು ಡೆರ್ಸಿಮ್‌ನವರೇ, ನನ್ನ ಮಕ್ಕಳು ಬೆಳೆದದ್ದು ಅರ್ಧ ಆ ಮನೆಯ ಅಜ್ಜಿಯ ಕೈಯಲ್ಲಿ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೇನೆ, ಪುರುಸೊತ್ತಲ್ಲಿ ಓದು.

ರೂಮ್ ತಗೋ, ಅದರಲ್ಲಿ ಎರಡು ಮಾತಿಲ್ಲ. ಟರ್ಕಿಶ್ ಕಲಿಯುದು ಬೇಡ. ಅವರಿಗೆಲ್ಲ ಟರ್ಕಿಶ್ ಚೆನ್ನಾಗಿಯೇ ಬರ್ತದೆ, ಬೇಜಾರೂ ಮಾಡ್ಲಿಕ್ಕಿಲ್ಲ, ಆದ್ರೆ ಅವರು ಬಾಯಿಬಿಟ್ಟು ನಾವು ಟರ್ಕರಲ್ಲ ಅಂತ ಹೇಳಿದ ಮೇಲೂ ನೀನು ಹೋಗಿ "ಮೆರ್ಹಬಾ" ಅಂತ ಶುರು ಮಾಡಿದ್ರೆ ಅವರು ಹೇಳಿದ್ದು ನಿನ್ನ ಕಿವಿಗೆ ಬಿದ್ದೇ ಇಲ್ಲ ಅಂತ ಆಗ್ತದೆ ಅಲ್ವಾ. ಊಟ ಆದ್ಮೇಲೆ "ಹಕ್ ರಾಜಿ ಬೋ" ಅಂತ ಹೇಳು, ದೇವರು ಮೆಚ್ಚಲಿ ಅಂತ ಅರ್ಥ, ನಾವು ಥ್ಯಾಂಕ್ಸ್ ಹೇಳುವ ಕಡೆ ಅವರು ಅದನ್ನು ಹೇಳುದು. ಅಷ್ಟು ಸಾಕು. ಆಮೇಲೆ ಆ ಮನೆಯ ಹಿರಿಯರು ನಿನ್ನನ್ನು ಬಿಡುದಿಲ್ಲ ನೋಡು.

ಈಗ ಯಾರು ಅಂತ. ಟರ್ಕಿಯ ಪೂರ್ವ ಭಾಗದಲ್ಲಿ ಯೂಫ್ರೆಟಿಸ್, ಟೈಗ್ರಿಸ್ ನದಿಗಳು ಹುಟ್ಟುವ ಗುಡ್ಡಗಾಡು ಉಂಟಲ್ಲ, ಅದು ಇವರ ನೆಲ. ಡೆರ್ಸಿಮ್, ಬಿಂಗೋಲ್, ಎಲಾಜಿ, ದಿಯಾರ್‌ಬಕಿರ್‌ನ ಉತ್ತರ ಭಾಗ, ಸಿವೆರೆಕ್, ವಾರ್ತೊ, ಎರ್ಜಿಂಜಾನ್, ಹೀಗೆ ಹರಡಿಕೊಂಡಿದ್ದಾರೆ. ಎಷ್ಟು ಜನ ಅಂದ್ರೆ 20 ಲಕ್ಷದಿಂದ 40 ಲಕ್ಷದವರೆಗೆ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳ್ತಾರೆ, ಯಾಕಂದ್ರೆ ಟರ್ಕಿ ತನ್ನ ಸೆನ್ಸಸ್‌ನಲ್ಲಿ ಮಾತೃಭಾಷೆಯ ಲೆಕ್ಕ ಕೊನೆಗೆ ಪ್ರಕಟ ಮಾಡಿದ್ದು 1965ರದ್ದು. ಭಾಷೆ ಜಾಜಾಕಿ. ಡೆರ್ಸಿಮ್‌ನಲ್ಲಿ ಕಿರ್ಮಂಚ್ಕಿ ಅಂತಾರೆ, ಸಿವೆರೆಕ್ ಕಡೆ ದಿಮ್ಲಿ ಅಂತಾರೆ, ಮನೆಯೊಳಗೆ ಸುಮ್ನೆ "ಜೋನೇ ಮಾ", ನಮ್ಮ ಭಾಷೆ ಅಂತ. ಟರ್ಕಿಶ್‌ಗೂ ಇದಕ್ಕೂ ಸಂಬಂಧವೇ ಇಲ್ಲ, ಇದು ಪರ್ಷಿಯನ್, ಕುರ್ದಿಶ್ ಇರುವ ಇರಾನಿ ಗುಂಪಿನದ್ದು. ಹತ್ತರವರೆಗೆ ಎಣಿಸುದು ಕೇಳಿದ್ರೆ ಹಿಂದಿ ಬಲ್ಲ ನಿನಗೆ ಆಶ್ಚರ್ಯ ಆಗ್ತದೆ, ಚಾರ್, ಪಂಜ್ ಅಂತ ಬರ್ತದೆ. ಮತ್ತೆ ಹಿಂದಿಯಲ್ಲಿ ನಮ್ಮನ್ನೆಲ್ಲ ಗೋಳು ಹೊಯ್ದುಕೊಂಡ ಗಂಡು ಹೆಣ್ಣು ಲಿಂಗ ಇದರಲ್ಲೂ ಉಂಟು, ಮನೆ ರೊಟ್ಟಿ ಎಲ್ಲದಕ್ಕೂ.

ಕುರ್ದರಾ ಅಂತ ಕೇಳಿದ್ದಿ. ಇದನ್ನು ಮಾತ್ರ ಗಮನ ಕೊಟ್ಟು ಓದು, ಯಾಕಂದ್ರೆ ಹೊಸಬರು ಎಡವುದು ಇಲ್ಲೇ. ಭಾಷಾಶಾಸ್ತ್ರದವರಲ್ಲಿ ಹೆಚ್ಚಿನವರು ಜಾಜಾಕಿ ಬೇರೆಯೇ ಭಾಷೆ ಅಂತಾರೆ, ಕುರ್ದಿಶ್‌ನ ಮುಖ್ಯ ರೂಪವಾದ ಕುರ್ಮಾಂಜಿ ಮಾತ್ರ ಬರುವ ಕುರ್ದನಿಗೆ ಇದು ಅರ್ಥ ಆಗುದಿಲ್ಲ. ಆದ್ರೆ ಭಾಷೆ ಬೇರೆ ಅಂದ ಮಾತ್ರಕ್ಕೆ ಜನ ತಮ್ಮನ್ನು ಹಾಗೇ ಕರ್ಕೊಳ್ತಾರೆ ಅಂತ ಇಲ್ಲ. ನಾವು ಕುರ್ದರೇ ಅಂತ ಹೇಳುವ ಜಾಜಾಗಳು ತುಂಬಾ ಜನ ಇದ್ದಾರೆ, ಜೈಲಲ್ಲಿದ್ದ ದೊಡ್ಡ ಕುರ್ದ್ ನಾಯಕ ಸೆಲಾಹತ್ತಿನ್ ದೆಮಿರ್ತಾಶ್ ಜಾಜಾ ಮನೆತನದವರು. ಇಲ್ಲ ನಾವು ಬೇರೆಯೇ ಜನಾಂಗ ಅನ್ನುವವರೂ ಅಷ್ಟೇ ಗಟ್ಟಿಯಾಗಿ ಹೇಳ್ತಾರೆ. ಮೊದಲು ನಾನು ಅಲೆವಿ (ಅದು ಧರ್ಮದ ಪಂಗಡ, ಮುಂದೆ ಹೇಳ್ತೇನೆ), ಮತ್ತೆ ಉಳಿದದ್ದು ಅಂತ ಹೇಳುವವರೂ ಇದ್ದಾರೆ. ನಮ್ಮ ಮೇಲಿನ ಮನೆಯ ಅಣ್ಣ ತಮ್ಮಂದಿರಲ್ಲೇ ಒಬ್ಬ ಹಾಗೆ ಒಬ್ಬ ಹೀಗೆ, ಹಬ್ಬಕ್ಕೆ ಸೇರಿದಾಗ ಇದೇ ವಿಷಯಕ್ಕೆ ಧ್ವನಿ ಏರ್ತದೆ, ಆಮೇಲೆ ಒಟ್ಟಿಗೆ ಟೀ ಕುಡೀತಾರೆ. ಅವರ ಮನೆಯ ಮಾತು ಅವರೇ ತೀರ್ಮಾನ ಮಾಡ್ಲಿ, ಎರಡು ಆರ್ಟಿಕಲ್ ಓದಿದ ನಾವು ಮಧ್ಯೆ ಹೋಗಿ ನೀವು ನಿಜಕ್ಕೂ ಇಂಥವರು ಅಂತ ಹೇಳ್ಲಿಕ್ಕೆ ಯಾರು? ಯಾರು ತನ್ನನ್ನು ಏನಂತ ಕರ್ಕೊಳ್ತಾರೋ ಅವರ ಮಟ್ಟಿಗೆ ಅದೇ ಸರಿ ಅಂತ ಇಟ್ಕೋ.

ಧರ್ಮದ್ದೂ ಹಾಗೇ, ಒಂದೇ ಉತ್ತರ ಇಲ್ಲ. ಬಿಂಗೋಲ್, ಪಾಲು, ಲಿಜೆ ಕಡೆಯವರು ಸುನ್ನಿಗಳು, ಹೆಚ್ಚಿನವರು ಶಾಫಿ ಪದ್ಧತಿ, ನಮಾಜು ಉಪವಾಸ ಎಲ್ಲ ನಿಷ್ಠೆಯಿಂದ ಮಾಡ್ತಾರೆ. ಜಾಜಾಕಿಯಲ್ಲಿ ಮೊದಲು ಅಚ್ಚಾದ ಪುಸ್ತಕ ಬಂದದ್ದೇ ಆ ಕಡೆಯಿಂದ, 1899ರಲ್ಲಿ, ಅಹ್ಮೆದೇ ಖಾಸಿ ಅನ್ನುವ ಧರ್ಮಪಂಡಿತರು ಪ್ರವಾದಿಯ ಜನನದ ಬಗ್ಗೆ ಬರೆದ ಕಾವ್ಯ. ಡೆರ್ಸಿಮ್‌ನವರು ಅಲೆವಿಗಳು. ಮಸೀದಿಗೆ ಹೋಗುದಿಲ್ಲ, ರಂಜಾನ್ ಉಪವಾಸ ಇಲ್ಲ, ಬದಲಿಗೆ ಮೊಹರಂನಲ್ಲಿ ಉಪವಾಸ ಮಾಡ್ತಾರೆ, ಚಳಿಗಾಲದಲ್ಲಿ ಖಿಜಿರ್ ಅನ್ನುವ ಸಂತನ ಹೆಸರಲ್ಲಿ ಮೂರು ದಿನ. ಅವರ ಪೂಜೆಗೆ ಜೆಮ್ ಅಂತಾರೆ, ಗಂಡಸರು ಹೆಂಗಸರು ಒಟ್ಟಿಗೇ ವೃತ್ತಾಕಾರ ಕೂರ್ತಾರೆ, ಪೀರ್ ಅಂದ್ರೆ ಅವರ ಗುರು ನಡೆಸ್ತಾರೆ, ಸಾಜ್ ಅನ್ನುವ ತಂತಿವಾದ್ಯ ನುಡಿಸಿ ಹಾಡ್ತಾರೆ. ಬೆಟ್ಟ, ಬುಗ್ಗೆ, ಮರ, ಎಲ್ಲದರಲ್ಲೂ ಅವರಿಗೆ ದೈವ ಉಂಟು. ಮುಂಜುರ್ ನದಿಯ ಕಥೆ ಅಜ್ಜಿ ಹೇಳುದನ್ನು ಕೇಳ್ಬೇಕು ನೀನು, ಸೊಸೆ ಪಕ್ಕದಲ್ಲಿ ಕೂತು ಜರ್ಮನ್‌ಗೆ ಮಾಡಿ ಹೇಳ್ತಾ ಇರ್ತಾಳೆ: ಮುಂಜುರ್ ಒಬ್ಬ ಆಳು, ಕುರಿ ಕಾಯುವವನು, ಯಜಮಾನ ಯಾತ್ರೆಗೆ ಹೋದಾಗ "ಧಣಿಗೆ ಬಿಸಿ ಹಲ್ವಾ ತಿನ್ಬೇಕು ಅನಿಸ್ತಿದೆ" ಅಂತ ಇವನಿಗೆ ಇಲ್ಲೇ ಗೊತ್ತಾಗಿ ಯಜಮಾನ್ತಿ ಹತ್ರ ಮಾಡಿಸಿಕೊಂಡು ಕ್ಷಣದಲ್ಲಿ ಅಲ್ಲಿಗೆ ಮುಟ್ಟಿಸ್ತಾನೆ. ಯಜಮಾನ ವಾಪಸ್ ಬಂದಾಗ ಊರವರೆಲ್ಲ ಅವನ ಕೈಗೆ ಮುತ್ತಿಡ್ಲಿಕ್ಕೆ ಹೋದ್ರೆ ಅವನು "ನನ್ನ ಕೈಗಲ್ಲ, ನಿಜವಾದ ಯಾತ್ರಿಕ ಮುಂಜುರ್, ಅವನ ಕೈಗೆ" ಅಂತಾನೆ. ಕೈಯಲ್ಲಿ ಹಾಲಿನ ಪಾತ್ರೆ ಹಿಡಿದಿದ್ದ ಮುಂಜುರ್ ನಾಚಿ ಓಡ್ತಾನೆ, ಹಾಲು ಚೆಲ್ಲಿದಲ್ಲೆಲ್ಲ ಬುಗ್ಗೆ ಎದ್ದು ಅವನು ಬೆಟ್ಟದಲ್ಲಿ ಮಾಯ ಆಗ್ತಾನೆ. ಓವಾಜಿಕ್ ಹತ್ರ ಇವತ್ತೂ ಬಂಡೆಯ ಸಂದಿಯಿಂದ ಬಿಳಿ ನೊರೆ ಕಾರ್ತಾ ನೀರು ಬರುದು ಹಾಗೆ, ಜನ ಅಲ್ಲಿ ಮೇಣದ ಬತ್ತಿ ಹಚ್ತಾರೆ.

ಈ ಸುನ್ನಿ ಅಲೆವಿ ವ್ಯತ್ಯಾಸ ಸಣ್ಣದಲ್ಲ. 1925ರಲ್ಲಿ ಶೇಖ್ ಸಯೀದ್ ಅನ್ನುವ ಸುನ್ನಿ ಧರ್ಮಗುರು ಟರ್ಕಿ ಸರ್ಕಾರದ ವಿರುದ್ಧ ದಂಗೆ ಎದ್ದಾಗ ಹೋರಾಡಿದ್ದು ಬಹುಪಾಲು ಸುನ್ನಿ ಜಾಜಾಗಳು, ಅಲೆವಿ ಡೆರ್ಸಿಮ್ ಸೇರ್ಲಿಲ್ಲ. ಆಮೇಲೆ ಡೆರ್ಸಿಮ್ ಸರದಿ ಬಂತು. 1935ರಲ್ಲಿ ಕಾನೂನು ಮಾಡಿ ಊರಿನ ಹೆಸರನ್ನೇ ತುಂಜೆಲಿ ಅಂತ ಬದಲು ಮಾಡಿದ್ರು, 1937-38ರಲ್ಲಿ ಸೈನ್ಯ ನುಗ್ಗಿತು. ಹಿರಿಯರಾದ ಸೆಯಿದ್ ರಿಜಾ ಅವರನ್ನು 1937ರ ನವೆಂಬರ್‌ನಲ್ಲಿ ಎಲಾಜಿಯಲ್ಲಿ ಗಲ್ಲಿಗೆ ಹಾಕಿದ್ರು, ಎಲ್ಲಿ ಹೂತ್ರು ಅಂತ ಮನೆಯವರಿಗೆ ಹೇಳ್ಲೇ ಇಲ್ಲ. ಸತ್ತವರು 13,806 ಅಂತ 2011ರಲ್ಲಿ ಆಗಿನ ಪ್ರಧಾನಿ ಎರ್ದೊಗಾನ್ ಕ್ಷಮೆ ಕೇಳುವಾಗ ಸರ್ಕಾರಿ ದಾಖಲೆ ಇಟ್ಟು ಹೇಳಿದ್ದು, ಡೆರ್ಸಿಮ್‌ನವರು ಇನ್ನೂ ಎಷ್ಟೋ ಜಾಸ್ತಿ ಅಂತಾರೆ. ಅಪ್ಪ ಅಮ್ಮ ಸತ್ತ ಹೆಣ್ಣುಮಕ್ಕಳನ್ನು ಅಧಿಕಾರಿಗಳ ಮನೆಗೆ ಕೊಟ್ಟದ್ದುಂಟು, ಅವರನ್ನು ಹುಡುಕುದು ಇನ್ನೂ ನಿಂತಿಲ್ಲ. "ಮೂವತ್ತೆಂಟು" ಅಂತ ಯಾರಾದ್ರೂ ಆ ಮನೇಲಿ ಹೇಳಿದ್ರೆ ಇದೇ ಅಂತ ತಿಳ್ಕೋ, ನೀನಾಗಿ ಕೇಳ್ಬೇಡ, ಅವರಾಗಿ ಹೇಳಿದ್ರೆ ಸುಮ್ನೆ ಕೇಳಿಸ್ಕೋ.

ಇವರು ಜರ್ಮನಿಗೆ ಬಂದದ್ದು 1961ರ ಕೂಲಿ ಒಪ್ಪಂದದಲ್ಲಿ ಫ್ಯಾಕ್ಟರಿ ಕೆಲಸಕ್ಕೆ, ಮತ್ತೆ 1980ರ ಮಿಲಿಟರಿ ದಂಗೆ ಆದ್ಮೇಲೆ ಆಶ್ರಯ ಕೇಳಿ, ಮತ್ತೆ 90ರ ದಶಕದಲ್ಲಿ ಹಳ್ಳಿಗಳನ್ನು ಖಾಲಿ ಮಾಡಿಸಿದಾಗ. ಒಂದು ವಿಷಯ ಏನಂದ್ರೆ, ಟರ್ಕಿಯಲ್ಲಿ 1983ರಿಂದ 1991ರವರೆಗೆ ಜಾಜಾಕಿ, ಕುರ್ದಿಶ್ ಭಾಷೆಗಳಲ್ಲಿ ಪ್ರಕಟ ಮಾಡುದೇ ಕಾನೂನಿಗೆ ವಿರುದ್ಧ ಆಗಿದ್ದಾಗ ಜಾಜಾಕಿ ಪತ್ರಿಕೆ, ಹಾಡಿನ ಕ್ಯಾಸೆಟ್ ಎಲ್ಲ ಹುಟ್ಟಿದ್ದು ಸ್ವೀಡನ್, ಜರ್ಮನಿಯಲ್ಲಿ. ಅಂದ್ರೆ ಆ ಭಾಷೆ ಬರಹದಲ್ಲಿ ನಿಂತದ್ದು ಪರದೇಶದಲ್ಲಿ. ಈಗ ಟರ್ಕಿಯಲ್ಲಿ 2012ರಿಂದ ಶಾಲೆಯಲ್ಲಿ ಐಚ್ಛಿಕ ವಿಷಯ ಆಗಿದೆ, ಬಿಂಗೋಲ್ ಯೂನಿವರ್ಸಿಟಿಯಲ್ಲಿ ವಿಭಾಗ ಉಂಟು, ಆದ್ರೆ ಕ್ಲಾಸ್ ಆಗ್ಬೇಕಾದ್ರೆ ಕನಿಷ್ಠ ಹತ್ತು ಮಕ್ಕಳು ಬರೆದು ಕೊಡ್ಬೇಕು, ಮೇಷ್ಟ್ರು ಸಿಗ್ಬೇಕು, ಕಷ್ಟವೇ.

ಮೇಲಿನ ಮನೆಯ ಅಡುಗೆ ಕೋಣೆಯಲ್ಲಿ ಕೂತ್ರೆ ನಿನಗೇ ಗೊತ್ತಾಗ್ತದೆ. ಅಜ್ಜಿ ಮಗನಿಗೆ ಜಾಜಾಕಿಯಲ್ಲಿ ಹೇಳ್ತಾರೆ, ಮಗ ತನ್ನ ಮಕ್ಕಳಿಗೆ ಟರ್ಕಿಶ್‌ನಲ್ಲಿ ಹೇಳ್ತಾನೆ, ಮಕ್ಕಳು ಅವರವರೇ ಜರ್ಮನ್‌ನಲ್ಲಿ ಜಗಳ ಆಡ್ತಾವೆ. ಶಾಲೆಯಲ್ಲಿ ಪೆಟ್ಟು ತಿಂದವರು ನಾವು, ಮಕ್ಕಳಿಗೆ ಆ ಗತಿ ಬೇಡ ಅಂತ ಟರ್ಕಿಶ್ ಕಲಿಸಿದ್ದು ಅಂತ ಮಗ ಹೇಳುದು. ಮೊಮ್ಮಗಳಿಗೆ ಈಗ ಇಪ್ಪತ್ತು ದಾಟಿದೆ, ಅವಳು ಫೋನ್‌ನಲ್ಲಿ ಅಜ್ಜಿಯ ಮಾತು ರೆಕಾರ್ಡ್ ಮಾಡ್ಕೊಂಡು ಕಲೀತಿದ್ದಾಳೆ, ಆದ್ರೆ ಬರೀಲಿಕ್ಕೆ ಎರಡು ಥರದ ಸ್ಪೆಲಿಂಗ್ ಪದ್ಧತಿ ಇದ್ದು ಯಾವುದು ಹಿಡಿಯುದು ಅಂತ ಪಾಪ ತಲೆ ಕೆಡಿಸ್ಕೊಳ್ತಾಳೆ. ಯುನೆಸ್ಕೊದ ಅಪಾಯದ ಭಾಷೆಗಳ ಪಟ್ಟಿಯಲ್ಲಿ ಜಾಜಾಕಿ ಯಾವ ವರ್ಗದಲ್ಲಿ ಉಂಟೋ ನನ್ನ ತುಳುವೂ ಅದೇ ವರ್ಗದಲ್ಲಿ ಉಂಟು. ಅಜ್ಜಿ ನಾನು ಮಕ್ಕಳ ಹತ್ರ ತುಳು ಮಾತಾಡುದು ಕೇಳಿ ಕೈ ಹಿಡಿದು ಬಿಡ್ಬೇಡ ಬಿಡ್ಬೇಡ ಅಂತ ಹೇಳಿದ್ದಾರೆ, ನಾನು ಬಿಡ್ಲಿಲ್ಲ.

ಊಟದ ಚಿಂತೆ ಬಿಡು. ಜೆರ್ಫೆತ್ ಅಂತ ಮಾಡ್ತಾರೆ, ಹಿಟ್ಟು ನೀರು ಉಪ್ಪು ಅಷ್ಟೇ, ದಪ್ಪ ದುಂಡು ರೊಟ್ಟಿ ಓವನ್‌ನಲ್ಲಿ ಗಟ್ಟಿ ಆಗುವವರೆಗೆ ಬೇಯಿಸಿ, ಬಿಸಿ ಇರುವಾಗಲೇ ಮೇಲಿನ ಸಿಪ್ಪೆ ತೆಗೆದು ಒಳಗಿನದ್ದನ್ನು ಕೈಯಲ್ಲಿ ಪುಡಿ ಮಾಡಿ (ಅಜ್ಜಿಗೆ ಬೆರಳು ಸುಡುದೇ ಇಲ್ಲ) ಅದೇ ಸಿಪ್ಪೆಯ ಬಟ್ಟಲಿಗೆ ವಾಪಸ್ ತುಂಬಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿದ ಮೊಸರು ಸುರಿದು, ನಡುವೆ ಗುಂಡಿ ಮಾಡಿ ಕಾಯಿಸಿದ ಬೆಣ್ಣೆ ಹೊಯ್ಯುದು. ಎಲ್ಲರೂ ಒಂದೇ ತಟ್ಟೆಯ ಸುತ್ತ ಚಮಚ ಹಿಡಿದು ಕೂರುದು. ಪ್ರತ್ಯೇಕ ಪ್ಲೇಟ್ ಕೇಳ್ಬೇಡ, ನಿನ್ನ ಎದುರಿನ ಬದಿಯಿಂದ ತಿನ್ನು. ಮಾಂಸ ಬೇಡ ಅಂದ್ರೆ ಒತ್ತಾಯ ಇಲ್ಲ, ಅವರೂ ಮೊಲ ಮುಟ್ಟುದಿಲ್ಲ, ಬೇಡ ಅನ್ನುದು ಅವರಿಗೆ ಅರ್ಥ ಆಗ್ತದೆ. ಟೀ ಮಾತ್ರ ಬೇಡ ಅನ್ಬೇಡ. ಶೂ ಬಾಗಿಲಲ್ಲೇ ಬಿಡು. ಯಾವ ಮಸೀದಿಗೆ ಹೋಗ್ತೀರಿ ಅಂತ ಕೇಳ್ಬೇಡ.

ಇನ್ನು ಕಾಗದ ಪತ್ರ. ಬಂದು ಎರಡು ವಾರದೊಳಗೆ ಅಡ್ರೆಸ್ ರಿಜಿಸ್ಟರ್ ಮಾಡಿಸ್ಬೇಕು, ಅದಕ್ಕೆ ಓನರ್ ಸಹಿ ಹಾಕಿದ ಫಾರ್ಮ್ ಬೇಕು, ಈಗಲೇ ಕೇಳಿಡು. ಡಿಪಾಸಿಟ್ ಮೂರು ತಿಂಗಳ ಬೇಸ್ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಮೆಟ್ಟಿಲು ಗುಡಿಸುವ ವಾರದ ಸರದಿ ಈ ಕಡೆ ಇರ್ತದೆ, ತಪ್ಪಿಸ್ಬೇಡ. ಕಾಂಟ್ರಾಕ್ಟ್ ಜರ್ಮನ್‌ನಲ್ಲಿ ಇರ್ತದಲ್ಲ, ದುಡ್ಡು ಕಳಿಸುವ ಮೊದಲು ನನಗೆ ಫೋಟೋ ಹಾಕು, ಓದಿ ಹೇಳ್ತೇನೆ.