ಚೆನ್ನಾಗಿ ವಾಕ್ಯ ಹೇಳುವ ಹುಡುಗನನ್ನು ಸಭೆಯ ಹಿರಿಯರು ತಿದ್ದುವುದು ಹೇಗೆ?

ನಿಮ್ಮ ಕ್ರೈಸ್ತ ಸಭೆಯ 19 ವರ್ಷದ ಹುಡುಗ ಚೆನ್ನಾಗಿ ದೇವರ ವಾಕ್ಯ ಹೇಳುತ್ತಾನೆ, ಆದರೆ ಅಲ್ಲಲ್ಲಿ ತಪ್ಪುತ್ತಾನೆ. ತಿದ್ದಿದರೆ ಸಭೆ ಬಿಟ್ಟಾನು, ಸುಮ್ಮನಿದ್ದರೆ ತಲೆಗೇರೀತು ಅಂತ ಕೇಳಿದ್ದೀರಿ. ಆ ಹುಡುಗನ ಜಾಗದಲ್ಲಿ ನಾನೂ ಒಮ್ಮೆ ನಿಂತಿದ್ದೆ.

ಅವನನ್ನು ಮನೆಗೆ ಕರೆಯಿರಿ. ನನ್ನ ಮೊದಲ ಮಾತು ಇಷ್ಟೇ.

ಬೈಬಲಿನ ಅಪೊಸ್ತಲರ ಕೃತ್ಯಗಳು 18ರಲ್ಲಿ ಅಪೊಲ್ಲೋಸ ಬರುತ್ತಾನಲ್ವಾ? ಅಲೆಕ್ಸಾಂದ್ರಿಯದವನು, ಒಳ್ಳೇ ಮಾತುಗಾರ, ಶಾಸ್ತ್ರ ಬಲ್ಲವನು. ಆದರೆ ಅವನಿಗೆ ಗೊತ್ತಿದ್ದದ್ದು ಯೋಹಾನನ ದೀಕ್ಷಾಸ್ನಾನ ಮಾತ್ರ. ಎಫೆಸದ ಸಭಾಮಂದಿರದಲ್ಲಿ ಅವನ ಮಾತನ್ನು ಪ್ರಿಸ್ಕಿಲ್ಲ, ಅಕ್ವಿಲ ಕೇಳಿದರು. ಗುಡಾರ ಮಾಡುವ ಕಸುಬಿನ ಗಂಡ ಹೆಂಡತಿ. ಅಲ್ಲೇ ಎದ್ದು ನಿಂತು ಅವನ ಬಾಯಿ ಮುಚ್ಚಿಸಲಿಲ್ಲ. ತಮ್ಮ ಜೊತೆಗೆ ಕರೆದುಕೊಂಡು ಹೋಗಿ, ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ಬಿಡಿಸಿ ಹೇಳಿದರು. ಮುಂದೆ ಅವನು ಅಖಾಯಕ್ಕೆ ಹೊರಟಾಗ, ಇವನನ್ನು ಸೇರಿಸಿಕೊಳ್ಳಿ ಅಂತ ಸಹೋದರರು ಅಲ್ಲಿನವರಿಗೆ ಕಾಗದ ಬರೆದರು.

ನನಗೆ ಆಗ 21. ಯೌವನಸ್ಥರ ಭಾನುವಾರ ನನ್ನದೇ ಪ್ರಸಂಗ. ಕೂಸುಗಳನ್ನು ಕೊಲ್ಲಿಸಿದ ಹೆರೋದನೇ ಯೇಸುವನ್ನು ಹಾಸ್ಯಮಾಡಿ ಪಿಲಾತನ ಬಳಿಗೆ ವಾಪಸ್ ಕಳಿಸಿದ ಅಂತ ಆವೇಶದಿಂದ ಹೇಳಿಬಿಟ್ಟೆ. ಆರಾಧನೆ ಮುಗಿದ ಮೇಲೆ ಒಬ್ಬರು ಬಾಗಿಲಲ್ಲೇ, ಎಲ್ಲರೆದುರು, ‘ಮೊದಲು ಬೈಬಲ್ ಓದಪ್ಪ’ ಅಂದರು. ಮತ್ತೆ ಪೀಠ ಹತ್ತಬಾರದು ಅನ್ನಿಸಿತ್ತು.

ಇನ್ನೊಬ್ಬ ಹಿರಿಯರು ಊಟಕ್ಕೆ ಕರೆದರು. ಊಟ ಮುಗಿಯುವವರೆಗೆ ಪ್ರಸಂಗದ ಸುದ್ದಿಯೇ ಇಲ್ಲ. ಆಮೇಲೆ ಮತ್ತಾಯ 2 ತೆಗೆದು ನನ್ನ ಕೈಲೇ ಓದಿಸಿದರು. 19ನೇ ವಚನಕ್ಕೆ ಬಂದಾಗ ಆ ಮನೆಯ ಅಮ್ಮ ಅಡುಗೆಮನೆ ಬಾಗಿಲಿಂದ, ‘ಅಲ್ಲಪ್ಪಾ, ಈ ಹೆರೋದ ಇಲ್ಲೇ ಸತ್ತುಹೋದ. ಲೂಕ 23ರಲ್ಲಿ ಮತ್ತೆ ಹೇಗೆ ಬಂದ?’ ಅಂದರು. ಮೂವರೂ ನಕ್ಕೆವು. ಅಪ್ಪ, ಮಗ ಇಬ್ಬರಿಗೂ ಅದೇ ಹೆಸರು ಅಂತ ಅವತ್ತು ಕಲಿತೆ. ಆ ವಚನದ ಕೆಳಗೆ ಎಳೆದ ಪೆನ್ಸಿಲ್ ಗೆರೆ ನನ್ನ ಬೈಬಲಿನಲ್ಲಿ ಇನ್ನೂ ಇದೆ. ಹೊರಡುವಾಗ ಅವರು, ‘ಬುಧವಾರ ನಮ್ಮ ಮನೆ ಪ್ರಾರ್ಥನೆಗೆ ನೀನೇ ವಾಕ್ಯ ಹೇಳು’ ಅಂದರು. ನಾನು ಉಳಿದದ್ದು ಆ ಮಾತಿನಿಂದ. ತಿದ್ದಿದವರೇ ಮತ್ತೆ ಕೆಲಸ ಕೊಟ್ಟರು ನೋಡಿ.

ಹುಡುಗನಿಗೆ ಬರೀ ಮೈಕ್ ಕೊಡಬೇಡಿ. ಕಾಯಿಲೆಯವರನ್ನು ನೋಡಲು ಹೋಗುವಾಗ ಜೊತೆಗೆ ಕರೆದುಕೊಂಡು ಹೋಗಿ. ಪರೀಕ್ಷೆ ಹತ್ತಿರ ಬಂದಾಗ ಓದಲು ಬಿಡಿ. 18 ತುಂಬದ ಮಕ್ಕಳಾದರೆ ಒಬ್ಬರೇ ಕೂರಿಸಿಕೊಂಡು ಮಾತಾಡಬೇಡಿ, ಮನೆಯವರಿಗೆ ತಿಳಿಸಿ, ಬೇರೆಯವರೂ ಇರುವಾಗ ಮಾತಾಡಿ.

ನಿಜವಾಗಿ ಕಷ್ಟ ಬರುವುದು ಮುಂದೆ. ಅಪೊಸ್ತಲರ ಕೃತ್ಯಗಳಲ್ಲೇ ನೋಡಿ: ಮೊದಲ ಸಭೆಯ ಬಾರ್ನಬನೇ ತಾರ್ಸಕ್ಕೆ ಹೋಗಿ ಸೌಲನನ್ನು, ಅಂದರೆ ಮುಂದೆ ಪೌಲ ಅನ್ನಿಸಿಕೊಂಡವನನ್ನು, ಹುಡುಕಿ ಅಂತಿಯೋಕ್ಯಕ್ಕೆ ಕರೆತಂದ. ಒಂದು ವರ್ಷ ಪೂರ್ತಿ ಇಬ್ಬರೂ ಸೇರಿ ಬೋಧಿಸಿದರು. 13ನೇ ಅಧ್ಯಾಯದ ಶುರುವಿನಲ್ಲಿ ‘ಬಾರ್ನಬ, ಸೌಲ’ ಅಂತಿದೆ. ಅದೇ ಅಧ್ಯಾಯ ಮುಗಿಯುವಷ್ಟರಲ್ಲಿ ‘ಪೌಲ, ಬಾರ್ನಬ’ ಆಗಿದೆ, ಕರೆತಂದವನ ಹೆಸರು ಹಿಂದೆ ಬಿದ್ದಿದೆ. ನಿಮ್ಮ ಸಭೆಯಲ್ಲೂ ಜನ ನಿಮ್ಮನ್ನು ಬಿಟ್ಟು ಆ ಹುಡುಗನನ್ನೇ ಕೇಳುವ ದಿನ ಬರುತ್ತದೆ. ಎಷ್ಟೋ ಹಿರಿಯರು ಅಲ್ಲಿ ಎಡವಿದ್ದನ್ನು ನೋಡಿದ್ದೇನೆ. ನನಗೂ ಹೊಟ್ಟೆಯಲ್ಲಿ ಉರಿ ಎದ್ದದ್ದಿದೆ. ಅದಕ್ಕೆ ಈಗಿಂದಲೇ ಪ್ರಾರ್ಥನೆ ಮಾಡಿ.

ಈ ಭಾನುವಾರವೇ ಕರೆಯಿರಿ. ಮನೆಯವರೂ ಜೊತೆಗೆ ಕೂತಿರಲಿ. ಮೊದಲು ಊಟ ಬಡಿಸಿ.