ಕಲಬುರಗಿಯಲ್ಲಿ ಹೊಸಬರಿಗಾಗಿ ಸಣ್ಣ ಪತ್ರಿಕೆ ತರಬಹುದಾ?

ಎಂ.ಎ. ಓದುತ್ತಿರುವ ನಾವು ಮೂವರು ಗೆಳೆಯರು ಸೇರಿ ಸಾಹಿತ್ಯ ಪತ್ರಿಕೆ ಶುರು ಮಾಡಬೇಕು ಅಂತಿದ್ದೇವೆ, ದುಡ್ಡೆಷ್ಟು ಬೇಕು, ಬರಹ ಯಾರು ಕೊಡ್ತಾರೆ ಅಂತ ಕೇಳಿದ್ದೀರಿ. ಇದೇ ಊರಲ್ಲಿ ಮೂರು ತಿಂಗಳಿಗೊಂದರಂತೆ ನಾಲ್ಕು ವರ್ಷ ಪತ್ರಿಕೆ ತಂದು, ಆಮೇಲೆ ನಿಲ್ಲಿಸಿದವನು ನಾನು. ಗೆದ್ದವನ ಮಾತು ಅಂತ ಓದಬೇಡಿ.

ಮೂವರಿದ್ದೀರಿ, ಅದು ಒಳ್ಳೇದು. 1964ರಲ್ಲಿ ಧಾರವಾಡದಲ್ಲಿ ‘ಸಂಕ್ರಮಣ’ ಸಾಹಿತ್ಯ ಪತ್ರಿಕೆ ಶುರುವಾದಾಗಲೂ ಲೇಖಕರಾದ ಚಂಪಾ (ಚಂದ್ರಶೇಖರ ಪಾಟೀಲ), ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಮೂವರೇ ಇದ್ದದ್ದು.

ಬರಹದ ಚಿಂತೆ ಬಿಡಿ. 2020ರ ಫೆಬ್ರವರಿಯಲ್ಲಿ ನಮ್ಮ ವಿಶ್ವವಿದ್ಯಾಲಯದ ಆವರಣದಲ್ಲಿ 85ನೇ ಸಾಹಿತ್ಯ ಸಮ್ಮೇಳನ ನಡೆದಾಗ ಚೀಲದ ತುಂಬ ಸಂಚಿಕೆ ಹೊತ್ತುಕೊಂಡು ಹೋಗಿದ್ದೆ. ಕೊಂಡವರಿಗಿಂತ “ನಂದೊಂದು ಕವನ ಐತ್ರಿ, ಹಾಕ್ತೀರೇನು?” ಅಂದವರೇ ಜಾಸ್ತಿ.

ದುಡ್ಡಿನ ವಿಷಯಕ್ಕೆ ಒಂದೇ ಮಾತು: ಪ್ರತಿ ಕಡಿಮೆ ಹಾಕಿಸಿ. ಹುಮ್ಮಸ್ಸಿನಲ್ಲಿ ನಾವು ಮೊದಲ ಸಂಚಿಕೆಯನ್ನೇ 500 ಹಾಕಿಸಿದೆವು. 200 ಇನ್ನೂ ನಮ್ಮ ಮನೆಯ ಮಂಚದ ಕೆಳಗಿವೆ. ಗೆದ್ದಲು ಹತ್ತದ ಹಾಗೆ ಅವ್ವ ಮಳೆಗಾಲಕ್ಕೊಮ್ಮೆ ಬೇವಿನೆಲೆ ಹಾಕುತ್ತಾಳೆ. 100-150 ಪ್ರತಿಗೆ ಡಿಜಿಟಲ್ ಪ್ರಿಂಟ್ ಸಾಕು. ನಡುವೆ ಪಿನ್ ಹೊಡೆಯುವ ಪುಸ್ತಕವಾದರೆ ಪುಟಗಳು ನಾಲ್ಕರ ಲೆಕ್ಕದಲ್ಲಿ ಬರಬೇಕು. ನಾವು 46 ಪುಟ ಹಿಡಿದು ಹೋದಾಗ ಪ್ರೆಸ್ಸಿನವರು ನಕ್ಕು, “ಎರಡು ಪುಟ ಖಾಲಿ ಬಿಡ್ಲೇನ್ರಿ?” ಅಂದರು. ಗೆಳೆಯನ ಮಾವನ ಕಿರಾಣಿ ಅಂಗಡಿ ಜಾಹೀರಾತು ಬಂದದ್ದು ಹಾಗೆ!

ಪತ್ರಿಕೆ ನೋಂದಣಿಯ ನಿಯಮ ಈಗ ಬದಲಾಗಿದೆ. 1867ರ ಕಾಯ್ದೆ ಹೋಗಿ, 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅರ್ಜಿ ಎಲ್ಲ ಆನ್‌ಲೈನ್, ಕೇಂದ್ರ ಸರ್ಕಾರದ ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ. ಇನ್ನೊಬ್ಬರ ಕನ್ನಡ ಪತ್ರಿಕೆಯ ಹೆಸರನ್ನೇ ಹೋಲುವ ಹೆಸರು ಸಿಗಲ್ಲ. ನಾಲ್ಕೈದು ಹೆಸರು ಯೋಚಿಸಿಟ್ಟುಕೊಳ್ಳಿ.

ಇನ್ನು ತಿದ್ದುವ ಕೆಲಸ. ಎಲ್ಲರೂ ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ ಬರೆದು ಕಳಿಸುತ್ತಾರೆ, ಪುಟ ಜೋಡಿಸುವ ನಮ್ಮ ಡಿಟಿಪಿಯವರದ್ದು ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟು. ಬದಲಾಯಿಸುವಾಗ ಒತ್ತಕ್ಷರ ಎಲ್ಲೆಲ್ಲೋ ಹಾರುತ್ತವೆ, ಅದಾದ ಮೇಲೆ ಇನ್ನೊಮ್ಮೆ ಪ್ರೂಫ್ ನೋಡಲೇಬೇಕು. ಆದರೆ ಯಾರ ಕೈಗೆ ಕೊಡುತ್ತೀರಿ ಅನ್ನೋದೂ ಮುಖ್ಯ. ಸೇಡಂ ಕಡೆಯ ಹುಡುಗಿಯೊಬ್ಬಳ ಕತೆಯಲ್ಲಿ ತಾಯಿ ಮಗಳಿಗೆ “ಬಿಸಲಾಗ ಎಲ್ಲಿ ಹೊಂಟಿ?” ಅನ್ನುತ್ತಾಳೆ. ಪ್ರೂಫ್ ನೋಡಿದವರು ಅದನ್ನು “ಬಿಸಿಲಿನಲ್ಲಿ ಎಲ್ಲಿಗೆ ಹೊರಟಿರುವೆ?” ಮಾಡಿಬಿಟ್ಟರು. ನಾನೂ ಗಮನಿಸಲಿಲ್ಲ. ಅಚ್ಚಾದ ಮೇಲೆ ಆ ಹುಡುಗಿ ಫೋನ್ ಮಾಡಿ, ಸಿಟ್ಟೂ ಮಾಡಿಕೊಳ್ಳದೆ, “ಸರ್, ನಮ್ಮವ್ವ ಹಿಂಗ ಮಾತಾಡಂಗಿಲ್ರಿ” ಅಂದಳು. ಅಷ್ಟೇ. ಮತ್ತೆ ಕತೆ ಕಳಿಸಲಿಲ್ಲ. ಅಂದಿನಿಂದ ಒಂದು ಅಕ್ಷರ ತಿದ್ದಿದರೂ ಬರೆದವರಿಗೆ ತೋರಿಸದೆ ಅಚ್ಚಿಗೆ ಕಳಿಸಲಿಲ್ಲ.

ಪತ್ರಿಕೆ ನಿಂತಿದ್ದು ದುಡ್ಡಿಲ್ಲದೆ ಅಲ್ಲ. ಓದಲಾಗದೆ. ಜಾಹೀರಾತು ಹಿಡಿಯೋದು, ಅಂಚೆಗೆ ಹಾಕೋದು, ಬಿಡುಗಡೆಗೆ ಅತಿಥಿ ಹುಡುಕೋದು, ಇದರಲ್ಲೇ ದಿನ ಹೋಗುತ್ತಿತ್ತು. ಬಂದ ಬರಹ ಇಮೇಲ್‌ನಲ್ಲಿ ಕೂತೇ ಇದ್ದವು. “ಸರ್, ನನ್ನ ಕತೆ ಏನಾಯ್ತು?” ಅಂತ ಎರಡನೇ ಸಲ, ಮೂರನೇ ಸಲ ಕೇಳಿದವರಿಗೆ ಏನು ಹೇಳಲಿ? ನಾಚಿಕೆಯಾಗಿ ಕೊನೆಗೆ ಇಮೇಲ್ ತೆರೆಯೋದನ್ನೇ ಬಿಟ್ಟೆ. ಮೊದಲ ಸಲ ಬರೆದವರಿಗೆ “ಈ ಸಲ ಆಗಲ್ಲ, ಎರಡನೇ ಪ್ಯಾರಾ ಚೆನ್ನಾಗಿದೆ” ಅಂತ ಎರಡು ಸಾಲು ಬಂದರೂ ಸಾಕಿತ್ತು, ಅಲ್ವಾ?

ಹಾಗಾಗಿ ನಿಮ್ಮ ಮೂವರಲ್ಲಿ ಒಬ್ಬರಿಗೆ ಓದಿ ಉತ್ತರ ಬರೆಯೋದು ಬಿಟ್ಟು ಬೇರೆ ಕೆಲಸ ಕೊಡಬೇಡಿ. ಬರಹಕ್ಕೆ ಕರೆ ಕೊಡುವಾಗ ಕಳಿಸಲು ಕೊನೇ ದಿನದ ಪಕ್ಕದಲ್ಲೇ ನೀವು ಉತ್ತರ ಕೊಡುವ ದಿನವನ್ನೂ ಹಾಕಿ.